ಊರು ಬಿಟ್ಟವರ ಪುಸ್ತಕ

ಕಲ್ಯಾಣದಿಂದ ಶರಣರು ಚದುರಿದ ಕತೆ ನಮ್ಮ ವಿಜಯಪುರ ಜಿಲ್ಲೆಯಲ್ಲಿ ಯಾರಿಗೂ ಹೊಸದಲ್ಲ. ಬಸವಣ್ಣ ಹುಟ್ಟಿದ ಬಾಗೇವಾಡಿ ಇಲ್ಲೇ ಇದೆ. ಮಡಿವಾಳ ಮಾಚಿದೇವರ ದೇವರ ಹಿಪ್ಪರಗಿಯೂ, ನೀಲಾಂಬಿಕೆ ಐಕ್ಯಳಾದಳೆನ್ನುವ ಕೃಷ್ಣೆಯ ದಂಡೆಯ ತಂಗಡಗಿಯೂ ಇಲ್ಲೇ. ಮಧುವರಸನ ಮಗಳನ್ನು ಸಮಗಾರ ಹರಳಯ್ಯನ ಮಗನಿಗೆ ಕೊಟ್ಟು ಲಗ್ನ ಮಾಡಿದ್ದು, ಬಿಜ್ಜಳ ಬೀಗರಿಬ್ಬರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದ್ದು, 1167ರ ಸುಮಾರಿಗೆ ಕಲ್ಯಾಣದಲ್ಲಿ ರಕ್ತ ಹರಿದದ್ದು, ಚನ್ನಬಸವಣ್ಣ ಉಳವಿಯ ಕಾಡು ಸೇರಿದ್ದು, ಇವನ್ನೆಲ್ಲ ಜಾತ್ರೆಯ ನಾಟಕದಲ್ಲಿ, ಶ್ರಾವಣದ ಪುರಾಣದಲ್ಲಿ ಕೇಳುತ್ತಲೇ ಬೆಳೆದವರು ನಾವು. ವಿವರಗಳು ಬಹುಮಟ್ಟಿಗೆ ನಂತರದ ಕಾವ್ಯಗಳಿಂದ ಬಂದವು. ಕಲ್ಲಿನ ಸಾಕ್ಷಿ ಕಡಿಮೆ. 1260ರ ಅರ್ಜುನವಾಡ ಶಾಸನ ಬಸವಣ್ಣನ ಮನೆತನವನ್ನು ಹೆಸರಿಸುತ್ತದೆ, ಅಷ್ಟು ಗಟ್ಟಿ.

ನಾನು ತಿಕೋಟಾದವನು. ವಿಜಯಪುರದ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತ ವಯಸ್ಸು ಕಳೆದೆ. ಹಾಗಾಗಿ ಶರಣರು ಕಲ್ಯಾಣ ಬಿಟ್ಟು ಹೋಗುವಾಗ ಮಾಚಿದೇವರು ಹಿಡಿದ ಖಡ್ಗಕ್ಕಿಂತ ಅವರು ಕಾಯ್ದರೆನ್ನುವ ವಚನದ ಕಟ್ಟುಗಳ ಮೇಲೆಯೇ ನನ್ನ ಕಣ್ಣು.

ಬಬಲೇಶ್ವರದ ನನ್ನ ತಂಗಿಯ ಮೊಮ್ಮಗಳು ಕಾಲೇಜಿನಲ್ಲಿ ಅಮೆರಿಕದ ಚರಿತ್ರೆ ಓದುತ್ತಾಳೆ. "ಅಜ್ಜಾ, ಮೇಫ್ಲವರ್ ಹಡಗಿನ್ಯಾಗ ಹೋದವ್ರೂ ನಮ್ಮ ಶರಣ್ರಂಗ ಊರು ಬಿಟ್ಟವ್ರ ಏನ?" ಅಂದಳು. "ಹೌದವ್ವಾ, ಖರೇ. ಆದ್ರ ಮುಂದ ಆದದ್ದೂ ಓದು" ಅಂದೆ.

ಇಂಗ್ಲೆಂಡಿನಲ್ಲಿ ಆಗ ರಾಜನೇ ಚರ್ಚಿನ ಯಜಮಾನ. ಆ ಚರ್ಚಿಗೆ ಹೋಗದಿದ್ದರೆ ದಂಡ, ಬೇರೆ ಸಭೆ ಕೂಡಿದರೆ ಜೈಲು. ಇದನ್ನು ಒಪ್ಪದ ಸ್ಕ್ರೂಬಿ ಎಂಬ ಹಳ್ಳಿಯ ಕಡೆಯ ಜನ 1608ರ ಹೊತ್ತಿಗೆ ಕದ್ದು ಹಾಲೆಂಡಿಗೆ ದಾಟಿದರು. ಲೈಡನ್ ಪಟ್ಟಣದಲ್ಲಿ ನೇಯ್ಗೆಯಂಥ ಕೆಲಸ ಹಿಡಿದು ಹೊಟ್ಟೆ ಹೊರೆದರು. ಅವರ ಹಿರಿಯ ವಿಲಿಯಂ ಬ್ರೂಸ್ಟರ್ ಅಲ್ಲಿ ಅಚ್ಚಿನ ಕೆಲಸ ಶುರು ಮಾಡಿ, ರಾಜನಿಗೆ ಆಗದ ಪುಸ್ತಕಗಳನ್ನು ಅಚ್ಚು ಹಾಕಿ ಕಳ್ಳದಾರಿಯಲ್ಲಿ ಕಳಿಸಿದ. 1619ರಲ್ಲಿ ಇಂಗ್ಲೆಂಡಿನ ರಾಯಭಾರಿ ಒತ್ತಡ ಹಾಕಿ ಮೊಳೆಗಳನ್ನೇ ಜಪ್ತಿ ಮಾಡಿಸಿದ. ಕಂಪೋಜಿಟರನ ಮೊಳೆ ಕಸಿಯುವುದೆಂದರೆ ನಾಲಿಗೆ ಕಿತ್ತಂತೆ. ತಲೆಮರೆಸಿಕೊಂಡ ಬ್ರೂಸ್ಟರ್ ಮರುವರ್ಷ ಅಮೆರಿಕಕ್ಕೆ ಹೊರಟ 102 ಪ್ರಯಾಣಿಕರ ಮೇಫ್ಲವರ್ ಹತ್ತಿದ. ನಡುಗಡಲಲ್ಲಿ ಹಡಗಿನ ತೊಲೆ ಸೀಳಿದಾಗ ಹಾಲೆಂಡಿನಿಂದ ತಂದ ದೊಡ್ಡ ಕಬ್ಬಿಣದ ಸ್ಕ್ರೂ ಕೊಟ್ಟು ಎತ್ತಿ ನಿಲ್ಲಿಸಿದರು. ಅದು ಅಚ್ಚಿನ ಯಂತ್ರದ್ದೇ ಎಂದು ಕೆಲವರ ವಾದ. ನಂಬಲು ನನಗೂ ಆಸೆ, ಪುರಾವೆ ಮಾತ್ರ ಇಲ್ಲ.

ಪ್ಲಿಮತ್‌ನಲ್ಲಿ ಅವರು ಮನೆ ಕಟ್ಟಿದ್ದು ರೋಗ ಬಡಿದು ಹಾಳುಬಿದ್ದಿದ್ದ, ಅಲ್ಲಿಯ ಮೂಲನಿವಾಸಿ ವಾಂಪನೋಗ್ ಜನರ ಹಳ್ಳಿಯ ನೆಲದಲ್ಲಿ. ಮೊದಲ ಚಳಿಗಾಲಕ್ಕೇ ಬಂದವರಲ್ಲಿ ಅರ್ಧದಷ್ಟು ಜನ ಸತ್ತರು. 1630ರಲ್ಲಿ ಬಾಸ್ಟನ್ ಕಟ್ಟಿದ ಪ್ಯೂರಿಟನ್ನರು ಬೇರೆ ಗುಂಪು, ಇವರಿಗಿಂತ ಬಲಾಢ್ಯರು. ತಾವೂ ಇಂಗ್ಲೆಂಡಿನಲ್ಲಿ ಕಿರುಕುಳ ಉಂಡವರೇ. ಅಧಿಕಾರ ಕೈಗೆ ಬಂದದ್ದೇ ತಡ, ತಮಗೆ ಎದುರಾಡಿದ ರೋಜರ್ ವಿಲಿಯಮ್ಸ್‌ನನ್ನು ಗಡೀಪಾರು ಮಾಡಿದರು. 1656ರಲ್ಲಿ ಕ್ವೇಕರ್ ಎಂಬ ಬೇರೆ ಪಂಥದ ಇಬ್ಬರು ಹೆಂಗಸರು ತಂದ ಪುಸ್ತಕಗಳನ್ನು ಕಸಿದು ಸುಟ್ಟರು. 1660ರಲ್ಲಿ ಮೇರಿ ಡಯರ್ ಎಂಬ ಕ್ವೇಕರ್ ಹೆಣ್ಣುಮಗಳನ್ನು ಗಲ್ಲಿಗೇರಿಸಿದರು. ನನ್ನ ಲೆಕ್ಕದಲ್ಲಿ ಮೊಳೆ ಜಪ್ತಿ ಮಾಡಿಸಿದ ರಾಜನಿಗಿಂತ ಇವರದೇ ದೊಡ್ಡ ಪಾಪ. ಶರಣರಿಗೆ ಆ ಪರೀಕ್ಷೆ ಬರಲಿಲ್ಲ; ಅವರ ಕೈಗೆ ರಾಜ್ಯ ಬಂದದ್ದೇ ಇಲ್ಲ.

ಪ್ಲಿಮತ್‌ನ ಗವರ್ನರ್ ವಿಲಿಯಂ ಬ್ರ್ಯಾಡ್‌ಫೋರ್ಡ್ ತನ್ನವರ ಕತೆಯನ್ನು ಕೈಯಾರೆ ಬರೆದಿಟ್ಟಿದ್ದ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಹೊತ್ತಿಗೆ ಆ ಹಸ್ತಪ್ರತಿ ಬಾಸ್ಟನ್ನಿನಿಂದ ಕಾಣೆಯಾಯಿತು. ಕೊನೆಗೆ ಸಿಕ್ಕದ್ದು ಲಂಡನ್ ಬಿಷಪ್ಪರ ಗ್ರಂಥಾಲಯದಲ್ಲಿ, ಅಂದರೆ ಯಾವ ಚರ್ಚಿಗೆ ಹೆದರಿ ಓಡಿದ್ದರೋ ಅದರ ಮನೆಯಲ್ಲೇ! ಪೂರ್ತಿ ಅಚ್ಚಾದದ್ದು 1856ರಲ್ಲಿ, ಮೂಲ ಪ್ರತಿ ತಿರುಗಿ ಬಂದದ್ದು 1897ರಲ್ಲಿ.

ವಚನಗಳದ್ದು ಇದಕ್ಕಿಂತ ಉದ್ದದ ಅಜ್ಞಾತವಾಸ. 15ನೆಯ ಶತಮಾನದಲ್ಲಿ ವಿರಕ್ತರು ಹುಡುಕಿ ಜೋಡಿಸಿದರು, ಶೂನ್ಯಸಂಪಾದನೆ ಹುಟ್ಟಿತು. ಆಮೇಲೆ ತಾಡೋಲೆಗಳು ಮಠದ ಗಂಟುಗಳಲ್ಲಿ, ಮನೆಯ ಜಗಲಿಗಳ ಮೇಲೆ ವಿಭೂತಿ ಹಚ್ಚಿಸಿಕೊಂಡು ಕುಳಿತವು. ಪೂಜೆ ಇತ್ತು, ಓದು ಕಡಿಮೆ. ಅವನ್ನು ಎಬ್ಬಿಸಿದವರು 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ವಕೀಲಿ ಮಾಡಲು ವಿಜಯಪುರಕ್ಕೆ ಬಂದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. ಇಲ್ಲಿಯ ಬಿ.ಎಲ್.ಡಿ.ಇ. ಸಂಸ್ಥೆ, ಸಿದ್ಧೇಶ್ವರ ಬ್ಯಾಂಕು ಎರಡರ ಹಿಂದೆಯೂ ಅವರ ದುಡಿಮೆಯಿದೆ. ಕೋರ್ಟಿನ ಕೆಲಸದ ನಡುವೆ ಊರೂರು ತಿರುಗಿ ತಾಡೋಲೆ ಬೇಡಿ ತಂದು, ಪ್ರತಿ ಮಾಡಿ, 1923ರಲ್ಲಿ 'ವಚನಶಾಸ್ತ್ರ ಸಾರ'ದ ಮೊದಲ ಭಾಗ ಹೊರತಂದರು. 1925ರಲ್ಲಿ ಇದ್ದ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು. ತಾವು ಬಾಡಿಗೆ ಮನೆ ಸೇರಿದರು. 1926ರಿಂದ 'ಶಿವಾನುಭವ' ಪತ್ರಿಕೆ. ಒತ್ತಕ್ಷರ ತುಂಬಿದ ಹಳೆಯ ಕನ್ನಡದ ಪುಟ ಜೋಡಿಸುವುದು ಲಗ್ನಪತ್ರಿಕೆ ಜೋಡಿಸಿದಂತಲ್ಲ. ಮೊಳೆ ಸವೆಯುತ್ತದೆ, ಪ್ರೂಫು ಮೂರು ಸಲ ತಿದ್ದಬೇಕು. ಚಂದಾ ಬಂದ ಮೇಲೆ ಕೊಡುತ್ತೇನೆ ಎಂದರೆ ಕಾಗದದ ಅಂಗಡಿಯವ ಕೇಳುವುದಿಲ್ಲ. ಆಯ್ದಕ್ಕಿ ಲಕ್ಕಮ್ಮ, ನುಲಿಯ ಚಂದಯ್ಯ, ಸೂಳೆ ಸಂಕವ್ವೆಯಂಥವರ ಮಾತು ಅಚ್ಚಿನಲ್ಲಿ ಜನರ ಕೈಗೆ ಸಿಕ್ಕದ್ದರ ಹಿಂದೆ ಈ ಖರ್ಚೆಲ್ಲ ಇದೆ. ಖಡ್ಗ ಹಿಡಿದವರ ಹಾಡು ಎಷ್ಟೋ ಇವೆ. ಮನೆ ಮಾರಿದ ಈ ವಕೀಲರ ಕಾವಲು ಅದಕ್ಕೆ ಕಡಿಮೆಯಲ್ಲ. 1964ರಲ್ಲಿ ಅವರು ತೀರಿಕೊಂಡರು.

ತಿಕೋಟಾ, ಬಬಲೇಶ್ವರದ ಕಡೆ ಈಗ ಹಳೆಯ ಮಣ್ಣಿನ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟುವವರು ಬಹಳ. ಮಾಡಿನಲ್ಲೋ ಅಟ್ಟದಲ್ಲೋ ಬಟ್ಟೆ ಸುತ್ತಿದ ತಾಡೋಲೆ, ಕೈಬರಹದ ವಹಿ, 'ಶಿವಾನುಭವ'ದ ಬಿಡಿ ಸಂಚಿಕೆ ಸಿಕ್ಕರೆ ಹೊಳೆಗೆ ಬಿಡಬೇಡಿರಿ, ರದ್ದಿಗೆ ತೂಗಬೇಡಿರಿ. ವಿಜಯಪುರದ ಬಿ.ಎಲ್.ಡಿ.ಇ. ಸಂಸ್ಥೆಯಲ್ಲಿ ಹಳಕಟ್ಟಿಯವರ ಹೆಸರಿನ ಸಂಶೋಧನ ಕೇಂದ್ರವಿದೆ. ಅಲ್ಲಿಗೆ ತಂದು ತೋರಿಸಿರಿ.