ಪುಷ್ಯ ಮಳೆಗೆ ಎಷ್ಟು ಆಂಪಿಯರ್?

ಬೆಂಗಳೂರಿನಲ್ಲಿ ಕರೆಂಟು ಹೋದರೆ ಜನ ಗಡಿಯಾರ ನೋಡುತ್ತಾರೆ. ತೀರ್ಥಹಳ್ಳಿ, ಶೃಂಗೇರಿ, ಸಿದ್ದಾಪುರ, ಮಡಿಕೇರಿ ಸೀಮೆಯ ಒಳ ಊರುಗಳಲ್ಲಿ ಪುನರ್ವಸು, ಪುಷ್ಯ ಮಳೆ ಹಿಡಿದಾಗ ಹೋದರೆ ಕ್ಯಾಲೆಂಡರ್ ನೋಡಬೇಕಾಗುತ್ತದೆ. ಪೇಟೆಯ ಸಬ್‌ಸ್ಟೇಷನ್ನಿನಿಂದ ಹೊರಟ 11 ಸಾವಿರ ವೋಲ್ಟಿನ ಹೊದಿಕೆಯಿಲ್ಲದ ತಂತಿ ಕಾಡು, ಗುಡ್ಡ, ಕಾಫಿ ತೋಟಗಳನ್ನು ಹಾದು ಕೊನೆಯ ಮನೆ ಮುಟ್ಟುವ ಹೊತ್ತಿಗೆ ಎಷ್ಟೋ ಕಿಲೋಮೀಟರ್ ಕಳೆದಿರುತ್ತದೆ. ದಾರಿಯಲ್ಲಿ ಎಲ್ಲೋ ಒಂದು ಮರ ಮಗುಚಿದರೆ ಇಡೀ ಸಾಲಿಗೆ ಕತ್ತಲು. ಬಿದ್ದ ಜಾಗ ಹುಡುಕಲು ಲೈನ್‌ಮನ್ ಆ ಮಳೆಯಲ್ಲೇ ತಂತಿಯ ಜಾಡು ಹಿಡಿದು ನಡೆಯಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳೇ ಜಾರಿದಾಗ ಹಲವೆಡೆ ನಡೆಯಲು ರಸ್ತೆಯೂ ಉಳಿದಿರಲಿಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಕರಾವಳಿಯ ಕಂಬಗಳನ್ನೇ ಕೆಡವಿತು.

ಮಳೆಗಾಲದ ತಯಾರಿಯಲ್ಲಿ ಈ ಸೀಮೆಯ ಮನೆಗಳು ಪಳಗಿದವು. ಮೇ ಮುಗಿಯುವಷ್ಟರಲ್ಲಿ ಸೌದೆ ಕೊಟ್ಟಿಗೆ ತುಂಬಿರುತ್ತದೆ, ಹಪ್ಪಳ ಡಬ್ಬಿ ಸೇರಿರುತ್ತದೆ, ಅಪ್ಪೆಮಿಡಿ ಭರಣಿಯಲ್ಲಿ ಕುಳಿತಿರುತ್ತದೆ. ಕರೆಂಟಿನ ವಿಷಯಕ್ಕೆ ಬಂದಾಗ ಮಾತ್ರ ಪೇಟೆಯ ಅಂಗಡಿಯವರ ಲೆಕ್ಕವನ್ನು ನಂಬಿ ಯುಪಿಎಸ್ ಹೊತ್ತು ತರುತ್ತೇವೆ. ‘ಆರಾಮಾಗಿ ನಾಲ್ಕು ಗಂಟೆ ಬರುತ್ತೆ ಸಾರ್’ ಎಂಬ ಆ ಲೆಕ್ಕ ಐದನೇ ಗಂಟೆಗೆ ಕರೆಂಟು ಬಂದೇ ಬರುತ್ತದೆಂಬ ಊಹೆಯ ಮೇಲೆ ನಿಂತಿದೆ. ಖಾಲಿಯಾದ ಬ್ಯಾಟರಿಯನ್ನು ಮತ್ತೆ ತುಂಬುವವರು ಯಾರು ಎಂದು ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ. ಮಲೆನಾಡಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಯೇ ಅದು.

ಯುಪಿಎಸ್ ಎಂಬ ಪೆಟ್ಟಿಗೆ ಮಾಡುವ ಕೆಲಸ ದೊಡ್ಡದೇನಲ್ಲ. ಬ್ಯಾಟರಿಯ 12 ವೋಲ್ಟ್ ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತು. ಪೆಟ್ಟಿಗೆಯೊಳಗಿನ ಟ್ರಾನ್ಸಿಸ್ಟರುಗಳು ಅದರ ದಿಕ್ಕನ್ನು ಹಿಂದೆ ಮುಂದೆ ತಿರುಗಿಸುತ್ತವೆ, ಸೆಕೆಂಡಿಗೆ 50 ಆವರ್ತನದಂತೆ. ಹಾಗೆ ತಿರುಗಿದ್ದನ್ನು ಒಂದು ಟ್ರಾನ್ಸ್‌ಫಾರ್ಮರ್ 230 ವೋಲ್ಟಿಗೆ ಏರಿಸುತ್ತದೆ. ಅಗ್ಗದ ಪೆಟ್ಟಿಗೆಗಳು ಅಲೆಯನ್ನು ಚೌಕಾಕಾರವಾಗಿ ಕತ್ತರಿಸಿ ಕೊಡುತ್ತವೆ. ಯುಪಿಎಸ್ ಮೇಲೆ ಓಡುವಾಗ ಫ್ಯಾನು ಗುಂಯ್‌ಗುಡುವುದು ಅದಕ್ಕೇ. ಸೈನ್ ವೇವ್ ಎಂದು ಬರೆದ ಪೆಟ್ಟಿಗೆಯಲ್ಲಿ ಆ ತಕರಾರಿಲ್ಲ. ಗಮನಿಸಬೇಕಾದ ಇನ್ನೊಂದು ಸಂಗತಿ, ಮನೆಗೆ 600 ವ್ಯಾಟ್ ಕೊಡಬೇಕಾದರೆ 12 ವೋಲ್ಟಿನ ಬದಿಯಲ್ಲಿ 50 ಆಂಪಿಯರಿಗಿಂತ ಹೆಚ್ಚು ಹರಿಯಬೇಕು. ಬ್ಯಾಟರಿಯ ಕೇಬಲ್ ಬೆರಳಿನಷ್ಟು ದಪ್ಪ ಇರುವುದು ಈ ಕಾರಣಕ್ಕೆ. ಟರ್ಮಿನಲ್ಲಿನ ಬೋಲ್ಟು ಸಡಿಲವಾಗಿದ್ದರೆ ಅಲ್ಲಿಯೇ ಬಿಸಿ ಹುಟ್ಟಿ ಸೀಸ ಕರಗಿದ್ದೂ ಉಂಟು. ಜೂನ್‌ಗೆ ಮುಂಚೆ ಬೋಲ್ಟು ಬಿಗಿ ಮಾಡಿ, ಬಿಳಿ ಪುಡಿ ಒರೆಸಿ, ವ್ಯಾಸಲೀನ್ ಸವರಿಡುವುದು ಐದು ನಿಮಿಷದ ಕೆಲಸ.

ಅಸಲಿ ಸಂಗತಿ ಇರುವುದು ಬ್ಯಾಟರಿಯಲ್ಲಿ. ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ 1859ರಲ್ಲಿ ಸೀಸದ ಎರಡು ಹಾಳೆಗಳನ್ನು ಗಂಧಕಾಮ್ಲದಲ್ಲಿ ಅದ್ದಿ, ವಿದ್ಯುತ್ತನ್ನು ತುಂಬಿ ಮತ್ತೆ ತೆಗೆಯಬಹುದೆಂದು ತೋರಿಸಿದ. ನಮ್ಮ ಜಗಲಿಯ ಮೂಲೆಯಲ್ಲಿರುವುದು ಆ ಯಂತ್ರವೇ. ಒಂದು ಫಲಕದಲ್ಲಿ ಸೀಸದ ಡೈಆಕ್ಸೈಡ್, ಇನ್ನೊಂದರಲ್ಲಿ ರಂಧ್ರಮಯ ಸೀಸ, ನಡುವೆ ಆಮ್ಲ. ಇಂಥ ಒಂದು ಕೋಶಕ್ಕೆ ಸುಮಾರು 2 ವೋಲ್ಟ್. ಆರು ಕೋಶ ಸೇರಿ 12. ಬಲ್ಬು ಉರಿಯುವಾಗ ಎರಡೂ ಫಲಕಗಳು ಆಮ್ಲದಿಂದ ಸಲ್ಫೇಟನ್ನು ಹೀರಿಕೊಂಡು ಸೀಸದ ಸಲ್ಫೇಟ್ ಆಗುತ್ತ ಹೋಗುತ್ತವೆ, ಆಮ್ಲ ತೆಳುವಾಗಿ ನೀರಿನ ಕಡೆಗೆ ವಾಲುತ್ತದೆ. ತುಂಬಿದ ಬ್ಯಾಟರಿಯ ದ್ರವ ನೀರಿಗಿಂತ ಸುಮಾರು 1.24 ಪಟ್ಟು ಭಾರ; ಖಾಲಿಯಾಗುವಾಗ ಅದು 1.15ಕ್ಕೂ ಕೆಳಗಿಳಿಯುತ್ತದೆ. ಮೆಕ್ಯಾನಿಕ್ ಗಾಜಿನ ಹೈಡ್ರೋಮೀಟರ್ ಅದ್ದಿ ನೋಡುವುದು ಇದನ್ನೇ. ಮತ್ತೆ ಚಾರ್ಜ್ ಮಾಡಿದರೆ ಸಲ್ಫೇಟು ಫಲಕ ಬಿಟ್ಟು ದ್ರವಕ್ಕೆ ಮರಳುತ್ತದೆ.

ಮರಳುತ್ತದೆ, ಆದರೆ ಬೇಗ ಕರೆದರೆ ಮಾತ್ರ. ಖಾಲಿ ಬ್ಯಾಟರಿಯನ್ನು ಹಾಗೇ ದಿನಗಟ್ಟಲೆ ಬಿಟ್ಟರೆ ಸಲ್ಫೇಟಿನ ಸಣ್ಣ ಹರಳುಗಳು ಕೂಡಿಕೊಂಡು ದೊಡ್ಡ, ಗಟ್ಟಿ ಹರಳುಗಳಾಗುತ್ತವೆ. ಅವು ಚಾರ್ಜಿಗೂ ಜಗ್ಗುವುದಿಲ್ಲ, ಫಲಕದ ಅಷ್ಟು ಭಾಗ ಶಾಶ್ವತವಾಗಿ ನಿಷ್ಪ್ರಯೋಜಕ. ಮಲೆನಾಡಿನಲ್ಲಿ ಬ್ಯಾಟರಿಗಳು ಬೇಗ ಸಾಯುವುದಕ್ಕೆ ಕಂಪನಿಯನ್ನು ಬೈಯುವವರೇ ಹೆಚ್ಚು. ಹಲವು ಸಲ ಕೊಂದದ್ದು ಮಳೆಗಾಲದ ಆ ಒಂದು ವಾರ, ಬ್ಯಾಟರಿ ಕೊನೆಯ ಹನಿಯವರೆಗೆ ಬಸಿದು ಹಾಗೆಯೇ ಕಾದು ಕುಳಿತ ವಾರ. ಕಾರಿನ ಬ್ಯಾಟರಿಯನ್ನು ಯುಪಿಎಸ್‌ಗೆ ಜೋಡಿಸಿದರೆ ಇನ್ನೂ ಬೇಗ. ಅದರ ತೆಳು ಫಲಕಗಳನ್ನು ಮಾಡಿರುವುದು ಒಂದೆರಡು ಸೆಕೆಂಡ್ ಭಾರೀ ಕರೆಂಟು ಕೊಟ್ಟು ಎಂಜಿನ್ ತಿರುಗಿಸಲಿಕ್ಕೆ. ಆಳವಾಗಿ ಬಸಿದರೆ ಫಲಕದ ಮೆತ್ತೆ ಉದುರುತ್ತದೆ. ಟ್ಯೂಬ್ಯುಲರ್ ಬ್ಯಾಟರಿಯಲ್ಲಿ ಆ ಮೆತ್ತೆಯನ್ನು ನೇಯ್ದ ಕೊಳವೆಗಳೊಳಗೆ ತುಂಬಿರುವುದರಿಂದ ಅದು ಉದುರದೆ ನಿಲ್ಲುತ್ತದೆ. ಎತ್ತರದ, ಭಾರದ, ದುಬಾರಿಯ ಆ ಬ್ಯಾಟರಿಗೇ ನನ್ನ ಮತ.

ಈಗ ಲೆಕ್ಕ. ಬ್ಯಾಟರಿಯ ಮೇಲೆ 150 ಆಂಪಿಯರ್-ಗಂಟೆ ಎಂದಿದ್ದರೆ 12ರಿಂದ ಗುಣಿಸಿ, 1800 ವ್ಯಾಟ್-ಗಂಟೆ. ಅಂದರೆ ಎರಡು ಯೂನಿಟ್ಟಿಗೂ ಕಡಿಮೆ. ಅದೂ 20 ಗಂಟೆ ನಿಧಾನವಾಗಿ ಬಸಿದರೆ ಸಿಗುವ ಮೊತ್ತ. ಗಬಗಬನೆ ಎಳೆದರೆ ಕಡಿಮೆ ಸಿಗುತ್ತದೆಂದು ಪ್ಯೂಕರ್ಟ್ ಎಂಬ ಜರ್ಮನ್ ವಿಜ್ಞಾನಿ 1897ರಲ್ಲೇ ಸೂತ್ರ ಬರೆದಿಟ್ಟಿದ್ದಾನೆ. ಬ್ಯಾಟರಿಯ ಆಯುಷ್ಯ ಉಳಿಯಲೆಂದು ಮೂರನೇ ಎರಡು ಭಾಗ ಮಾತ್ರ ಬಳಸಿ, ಪೆಟ್ಟಿಗೆಯ ನಷ್ಟವನ್ನೂ ಕಳೆದರೆ ಕೈಗೆ ಬರುವುದು ಸುಮಾರು 1000 ವ್ಯಾಟ್-ಗಂಟೆ, ಒಂದೇ ಒಂದು ಯೂನಿಟ್.

ಒಂದು ಯೂನಿಟ್ಟಿನಲ್ಲಿ ಏನೇನು ಸಾಧ್ಯ? ಪುಷ್ಯ ಮಳೆಯ ಥಂಡಿಯಲ್ಲಿ ಫ್ಯಾನು ಬೇಡ, ಅದೊಂದು ಪುಣ್ಯ. 9 ವ್ಯಾಟಿನ ನಾಲ್ಕು ಎಲ್‌ಇಡಿ ಬಲ್ಬು ಐದು ಗಂಟೆ ಉರಿದರೆ 180. ಮನೆಯವರೆಲ್ಲರ ಮೊಬೈಲ್ ಚಾರ್ಜಿಗೆ 60 ಇಟ್ಟುಕೊಳ್ಳೋಣ. ಮೂಲೆಯಲ್ಲಿ ಮಿಣುಕುವ ವೈ-ಫೈ ಪೆಟ್ಟಿಗೆ 10 ವ್ಯಾಟಿನದ್ದು, ಆದರೆ ಹಗಲೂ ರಾತ್ರಿ ಎಂದರೆ 240, ನಾಲ್ಕೂ ಬಲ್ಬುಗಳಿಗಿಂತ ಜಾಸ್ತಿ! ಅದಕ್ಕೂ ದೊಡ್ಡ ಕಳ್ಳ ಯುಪಿಎಸ್ಸೇ. ಏನನ್ನೂ ಉರಿಸದೆ ಬರಿದೇ ಎಚ್ಚರವಾಗಿರಲು ಅದಕ್ಕೆ 10ರಿಂದ 20 ವ್ಯಾಟ್ ಬೇಕು. 15 ಎಂದು ಹಿಡಿದರೂ ದಿನಕ್ಕೆ 360. ಎಲ್ಲ ಕೂಡಿದರೆ 840. ಮರುದಿನ ಸಂಜೆಗೆ ಪೆಟ್ಟಿಗೆ ಕೀಂಕೀಂ ಎನ್ನತೊಡಗುತ್ತದೆ.

ಬಲ್ಬು ಆರಿಸಿ ಮಲಗುವಾಗ ಯುಪಿಎಸ್‌ನ ಮುಂಭಾಗದ ಸ್ವಿಚ್ಚನ್ನೂ ಆರಿಸಿ, ವೈ-ಫೈಯನ್ನು ಸಂಜೆಯ ಐದು ಗಂಟೆಗೆ ಸೀಮಿತ ಮಾಡಿದರೆ ಇದೇ ಲೆಕ್ಕ 365ಕ್ಕೆ ಇಳಿಯುತ್ತದೆ. ಅದೇ ಬ್ಯಾಟರಿ ಮೂರು ದಿನದ ಹತ್ತಿರ ಬರುತ್ತದೆ. ಹೊಸದೇನನ್ನೂ ಕೊಳ್ಳಬೇಕಿಲ್ಲ. ಬಹುತೇಕ ಮನೆಯ ಯುಪಿಎಸ್‌ಗಳಲ್ಲಿ ಆ ಸ್ವಿಚ್ಚು ಆರಿದ್ದರೂ ಲೈನಿನ ಕರೆಂಟು ಬಂದೊಡನೆ ಚಾರ್ಜಿಂಗ್ ತಾನಾಗಿ ಶುರುವಾಗುತ್ತದೆ. ನಿಮ್ಮದರಲ್ಲಿ ಹೇಗೆಂದು ಮೇ ತಿಂಗಳಲ್ಲೇ ಪರೀಕ್ಷಿಸಿಟ್ಟುಕೊಳ್ಳಿ. ಬಾವಿಯ ಪಂಪಿನ ಆಸೆ ಮಾತ್ರ ಬಿಡಬೇಕು. ಒಂದು ಎಚ್‌ಪಿ ಎಂದರೆ 746 ವ್ಯಾಟ್ ಎಂದು ಪುಸ್ತಕ ಹೇಳುತ್ತದೆ, ಆದರೆ ಮೋಟರು ಎದ್ದು ನಿಲ್ಲುವ ಕ್ಷಣದಲ್ಲಿ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಮೋಡ ಕವಿದಾಗಲೇ ಟ್ಯಾಂಕು ತುಂಬಿಸಿಡುವುದು, ಬಾವಿಯ ರಾಟೆಯನ್ನು ಗುಜರಿಗೆ ಹಾಕದಿರುವುದು ಕ್ಷೇಮ. ಮೊಬೈಲ್ ಚಾರ್ಜಾಗಿದ್ದರೂ ಟವರ್ ಬದುಕಿರಬೇಕಲ್ಲ. ಅದಕ್ಕೂ ಬ್ಯಾಟರಿಯೇ, ಡೀಸೆಲ್ಲೇ ಗತಿ. ಸೆಲ್ಲಿನ ರೇಡಿಯೋ ಮನೆಯಲ್ಲಿರಲಿ.

ಇನ್ನು ತುಂಬಿಸುವ ಮಾತು. ಕಣಜ ಎಷ್ಟು ದೊಡ್ಡದಿದ್ದರೇನು, ಗದ್ದೆಯಿಂದ ಭತ್ತ ಬರಬೇಕು. ಬಸಿದ 100 ಆಂಪಿಯರ್-ಗಂಟೆಯನ್ನು 15 ಆಂಪಿಯರಿನ ಚಾರ್ಜರ್ ಹಿಂತಿರುಗಿಸಲು ಏಳು ಗಂಟೆ ಸಾಕು ಎನಿಸುತ್ತದೆ. ಆದರೆ ಸೀಸದ ಬ್ಯಾಟರಿ ಕೊನೆಕೊನೆಗೆ ನಿಧಾನವಾಗಿ ಉಣ್ಣುತ್ತದೆ, ಹತ್ತು ಗಂಟೆಯಾದರೂ ಬೇಕು. ನಡುವೆ ಮೂರು ಗಂಟೆ ಕರೆಂಟು ಮುಖ ತೋರಿಸಿ ಹೋದರೆ ಸೇರುವುದು 40 ಮಾತ್ರ. ಹೀಗಾಗಿ ಪಕ್ಕದಲ್ಲಿ ಇನ್ನೊಂದು ಬ್ಯಾಟರಿ ಇಟ್ಟರೆ ಪ್ರಯೋಜನವಿಲ್ಲ. ಎರಡೂ ಅರೆಹೊಟ್ಟೆಯಲ್ಲಿ ಕುಳಿತು ಸಲ್ಫೇಟು ಕಟ್ಟಿಕೊಳ್ಳುತ್ತವೆ. ಹಳ್ಳಿಯ ಲೈನಿಗೆ ಇನ್ನೊಂದು ಕಾಯಿಲೆಯುಂಟು: ಕರೆಂಟು ಬಂದರೂ 170 ವೋಲ್ಟ್. ಪೆಟ್ಟಿಗೆಯ ಹಿಂದಿನ ಸ್ವಿಚ್ಚು ‘ಯುಪಿಎಸ್’ ಎಂಬಲ್ಲಿದ್ದರೆ ಅದು ಸುಮಾರು 180 ವೋಲ್ಟಿಗಿಂತ ಕೆಳಗಿನದನ್ನು ಕರೆಂಟೆಂದೇ ಒಪ್ಪುವುದಿಲ್ಲ, ಲೈನ್ ಇದ್ದೂ ಬ್ಯಾಟರಿಯನ್ನೇ ಬಸಿಯುತ್ತದೆ. ‘ನಾರ್ಮಲ್’ ಅಥವಾ ‘ಇಕೋ’ ಎಂಬ ಕಡೆಗೆ ತಳ್ಳಿದರೆ ತೀರಾ ಕಡಿಮೆ ವೋಲ್ಟೇಜಿನಲ್ಲೂ ಚಾರ್ಜ್ ಮಾಡಿಕೊಳ್ಳುತ್ತದೆ. ಈ ಪುಟ್ಟ ಸ್ವಿಚ್ಚಿನ ಬಗ್ಗೆ ಅಂಗಡಿಯಲ್ಲಿ ಹೇಳುವವರು ವಿರಳ.

ಚಾರ್ಜಿನ ಕೊನೆಯಲ್ಲಿ ಬ್ಯಾಟರಿಯ ನೀರು ಒಡೆದು ಜಲಜನಕ, ಆಮ್ಲಜನಕ ಗುಳ್ಳೆಗಳಾಗಿ ಹೊರಬರುತ್ತವೆ. ಆಗಾಗ ಡಿಸ್ಟಿಲ್ಡ್ ವಾಟರ್ ಕೇಳುವುದು ಅದಕ್ಕೇ. ಬಾವಿ ನೀರಿನ ಕಬ್ಬಿಣ, ಕ್ಲೋರೈಡು ಫಲಕಗಳಿಗೆ ವಿಷ. ಗಾಳಿಯಲ್ಲಿ ಜಲಜನಕ ನೂರಕ್ಕೆ 4 ಪಾಲು ಸೇರಿದರೆ ಕಿಡಿಯೊಂದು ಸಾಕು. ದೇವರಕೋಣೆಯ ದೀಪದ ಪಕ್ಕ, ಮುಚ್ಚಿದ ಕಪಾಟಿನೊಳಗೆ ಬ್ಯಾಟರಿ ಇಡಬಾರದು.

ಲಿಥಿಯಂ ಬಂದಿದೆಯಲ್ಲ ಎನ್ನುತ್ತೀರಿ. ಹೌದು. ಮನೆಬಳಕೆಗೆ ಬರುವುದು ಬಹುಮಟ್ಟಿಗೆ ಲಿಥಿಯಂ ಐರನ್ ಫಾಸ್ಫೇಟ್. ಆ ಖನಿಜವನ್ನು ಬ್ಯಾಟರಿಗೆ ಪರಿಚಯಿಸಿದ 1997ರ ಪ್ರಸಿದ್ಧ ಪ್ರಬಂಧದಲ್ಲಿ ಮುಂದೆ ನೊಬೆಲ್ ಪಡೆದ ಜಾನ್ ಗುಡೆನಫ್ ಜೊತೆಗೆ ಪಾಧಿ, ನಂಜುಂಡಸ್ವಾಮಿ ಎಂಬ ಹೆಸರುಗಳಿವೆ. ಅದು ಮುಕ್ಕಾಲಿಗಿಂತ ಹೆಚ್ಚು ಬಸಿದರೂ ಕಂಗೆಡುವುದಿಲ್ಲ, ಅರೆಹೊಟ್ಟೆಯಲ್ಲಿದ್ದರೂ ಸಲ್ಫೇಟಿನ ಭಯವಿಲ್ಲ, ಸಿಕ್ಕ ಮೂರು ಗಂಟೆಯಲ್ಲಿ ಬೇಗ ಬೇಗ ತುಂಬಿಕೊಳ್ಳುತ್ತದೆ. ದುಡ್ಡಿದ್ದರೆ ಮಲೆನಾಡಿಗೆ ಅದೇ ಸರಿ. ಹಳೆಯ ಯುಪಿಎಸ್‌ಗೆ ಅದನ್ನು ಹಾಗೇ ಜೋಡಿಸುವ ಮುನ್ನ ಚಾರ್ಜರ್ ಹೊಂದುತ್ತದೆಯೇ ಎಂದು ಮಾತ್ರ ಕೇಳಿಕೊಳ್ಳಬೇಕು.

ಸೂರ್ಯನ ವಿಚಾರದಲ್ಲಿ ಹಲವರು ಮೋಸ ಹೋಗಿದ್ದಾರೆ. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯ ಸಬ್ಸಿಡಿ ಪಡೆದು ಚಾವಣಿಗೆ ಸೋಲಾರ್ ಹಲಗೆ ಹಾಕಿಸಿದವರಿಗೆ ಮೊದಲ ಮಳೆಗಾಲದಲ್ಲಿ ಗೊತ್ತಾಗುವ ಸತ್ಯ: ಲೈನಿನಲ್ಲಿ ಕರೆಂಟು ಹೋದರೆ ಚಾವಣಿಯ ಕರೆಂಟೂ ಹೋಗುತ್ತದೆ, ನೆತ್ತಿಯ ಮೇಲೆ ಬಿಸಿಲಿದ್ದರೂ! ಬ್ಯಾಟರಿಯಿಲ್ಲದ, ಗ್ರಿಡ್ಡಿಗೆ ಜೋಡಿಸಿದ ಇನ್ವರ್ಟರು ಲೈನ್ ಸತ್ತ ಎರಡು ಸೆಕೆಂಡಿನೊಳಗೆ ತಾನೂ ನಿಲ್ಲಬೇಕೆಂಬುದು ನಿಯಮ. ನಿಲ್ಲದಿದ್ದರೆ ಮನೆಯ 230 ವೋಲ್ಟ್ ತಂತಿಯಲ್ಲಿ ಹಿಂದಕ್ಕೆ ಹರಿದು ಊರ ಟ್ರಾನ್ಸ್‌ಫಾರ್ಮರ್ ತಲುಪುತ್ತದೆ. ಟ್ರಾನ್ಸ್‌ಫಾರ್ಮರಿಗೆ ಮುಂದು ಹಿಂದು ಇಲ್ಲ. ಆಚೆ ಬದಿಯಲ್ಲಿ ಅದು ಸಾವಿರಾರು ವೋಲ್ಟಾಗಿ ಏಳುತ್ತದೆ. ಅಲ್ಲಿ ಮರ ತೆಗೆದು ತಂತಿ ಬಿಗಿಯುತ್ತಿರುವುದು ನಮ್ಮ ಲೈನ್‌ಮನ್. ಜನರೇಟರಿಗೂ ಇದೇ ಮಾತು. ಎರಡೂ ತುದಿಗೆ ಪ್ಲಗ್ಗಿರುವ ವೈರಿನಿಂದ ಅದನ್ನು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವ ‘ಉಪಾಯ’ ಕೊಲೆಗೆ ಸಮ. ಲೈನು ಇಲ್ಲವೇ ಜನರೇಟರು, ಒಮ್ಮೆಗೆ ಒಂದನ್ನೇ ಮನೆಗೆ ಕೂಡಿಸುವ ಚೇಂಜ್‌ಓವರ್ ಸ್ವಿಚ್ಚು ಕಡ್ಡಾಯ. ಮಳೆ ಎಂದು ಜನರೇಟರನ್ನು ಮನೆಯೊಳಗೆ, ಮುಚ್ಚಿದ ಜಗಲಿಯಲ್ಲಿ ಓಡಿಸಿದರೆ ಕಾರ್ಬನ್ ಮೊನಾಕ್ಸೈಡು ವಾಸನೆಯಿಲ್ಲದೆ ಬಂದು, ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಹೆಚ್ಚು ಬಿಗಿಯಾಗಿ ರಕ್ತಕ್ಕೆ ಅಂಟಿಕೊಳ್ಳುತ್ತದೆ. ಕಿಟಕಿ ತೆರೆದಿಟ್ಟ ಮಾತ್ರಕ್ಕೆ ಬಚಾವಾಗಲಾರೆವು.

ಬ್ಯಾಟರಿ ಸಮೇತದ ಸೋಲಾರ್ ಇದ್ದರೆ ಲೈನು ಸತ್ತರೂ ನಡೆಯುತ್ತದೆ, ಆದರೆ ಪುಷ್ಯ ಮಳೆಯ ಮೋಡದ ಕೆಳಗೆ ಒಂದು ಕಿಲೋವ್ಯಾಟಿನ ಹಲಗೆಯಿಂದ ಕೆಲವು ದಿನ ಒಂದು ಯೂನಿಟ್ಟೂ ಹುಟ್ಟದು. ಬಿಸಿಲಿನ ದಿನ ನಾಲ್ಕು ಕೊಡುವ ಹಲಗೆಯೇ ಅದು. ಮಲೆನಾಡಿನಲ್ಲಿ ಕರೆಂಟು ಹೋಗುವ ಕಾಲ, ಸೂರ್ಯ ಹೋಗುವ ಕಾಲ ಎರಡೂ ಒಂದೇ.

ಆ ಕಾಲದಲ್ಲಿ ಧಾರಾಳವಾಗಿ ಇರುವುದು ನೀರು. ಪಶ್ಚಿಮ ಘಟ್ಟದ ಹಲವು ಮನೆಗಳ ಹಿತ್ತಿಲಲ್ಲಿ ಪಿಕೋ ಜಲವಿದ್ಯುತ್ ಯಂತ್ರಗಳು ತಿರುಗುತ್ತಿವೆ. ರಾಜ್ಯದ ನವೀಕರಿಸಬಹುದಾದ ಇಂಧನ ನಿಗಮ ಕ್ರೆಡಲ್ ಇವಕ್ಕೆ ಸಹಾಯಧನವನ್ನೂ ಕೊಟ್ಟದ್ದುಂಟು. ಗುಡ್ಡದ ಹಳ್ಳದಿಂದ ಪೈಪಿನಲ್ಲಿ ಇಳಿದ ನೀರು ಸಣ್ಣ ನಳಿಕೆಯಿಂದ ಚಿಮ್ಮಿ, ಬಟ್ಟಲುಗಳನ್ನು ಜೋಡಿಸಿದ ಚಕ್ರಕ್ಕೆ ಬಡಿಯುತ್ತದೆ. ಪ್ರತಿ ಬಟ್ಟಲಿನ ನಡುವೆ ಒಂದು ಏಣು. ಧಾರೆ ಅದಕ್ಕೆ ತಾಗಿ ಇಬ್ಭಾಗವಾಗಿ ಬಂದ ದಿಕ್ಕಿಗೇ ತಿರುಗುವುದರಿಂದ ನೀರಿನ ವೇಗವೆಲ್ಲ ಚಕ್ರಕ್ಕೆ ವರ್ಗವಾಗುತ್ತದೆ. ಅಮೆರಿಕದ ಲೆಸ್ಟರ್ ಪೆಲ್ಟನ್ 1880ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ ಇದು.

ಲೆಕ್ಕ ಮನೆಯಲ್ಲೇ ಹಾಕಬಹುದು. 15 ಲೀಟರಿನ ಕೊಡ ಮೂರು ಸೆಕೆಂಡಿಗೆ ತುಂಬಿದರೆ ಹರಿವು ಸೆಕೆಂಡಿಗೆ 5 ಲೀಟರ್. ಅದನ್ನು 9.8ರಿಂದ, ಆಮೇಲೆ ಮೀಟರಿನಲ್ಲಿ ಅಳೆದ ಎತ್ತರದಿಂದ ಗುಣಿಸಿ. ಎತ್ತರ 20 ಮೀಟರಾದರೆ 980 ವ್ಯಾಟ್. ಪೈಪಿನ ಘರ್ಷಣೆ, ಸಣ್ಣ ಯಂತ್ರದ ನಷ್ಟ ಎಂದು ಅರ್ಧ ಬಿಟ್ಟರೂ 490 ಉಳಿಯಿತು. ನೋಡಲು ಸಣ್ಣ ಸಂಖ್ಯೆ. ಆದರೆ ಹಳ್ಳಕ್ಕೆ ರಾತ್ರಿಯಿಲ್ಲ. 24 ಗಂಟೆಗೆ ಸುಮಾರು 12 ಯೂನಿಟ್, ಮೇಲೆ ನಾವು ಜಿಪುಣತನದಿಂದ ಹಂಚಿಕೊಂಡ ಬ್ಯಾಟರಿಯ ಹನ್ನೆರಡು ಪಟ್ಟು, ಅದೂ ಪ್ರತಿದಿನ. ಮಳೆ ಜೋರಾದಷ್ಟೂ ಭದ್ರ.

ತೊಂದರೆಗಳಿಲ್ಲದಿಲ್ಲ. ಹಳ್ಳದ ಬಾಯಲ್ಲಿ ಎಲೆ, ಕಸ ಕಟ್ಟಿಕೊಂಡು ಪೈಪು ಉಸಿರುಗಟ್ಟುತ್ತದೆ, ಸುರಿಯುವ ಮಳೆಯಲ್ಲಿ ಇಂಬಳ ಕಚ್ಚಿಸಿಕೊಂಡು ಹೋಗಿ ಬಿಡಿಸಬೇಕು. ಮನೆಯವರೆಲ್ಲ ಬಲ್ಬು ಆರಿಸಿ ಮಲಗಿದರೆ ಹೊರೆಯಿಲ್ಲದ ಚಕ್ರ ವೇಗ ಹೆಚ್ಚಿಸಿಕೊಂಡು ವೋಲ್ಟೇಜ್ ಏರಿಸುತ್ತದೆ. ಅದಕ್ಕೆಂದೇ ಒಂದು ನಿಯಂತ್ರಕ ಇಟ್ಟು, ಮನೆಗೆ ಬೇಡವಾದ ಕರೆಂಟನ್ನೆಲ್ಲ ನೀರಲ್ಲಿ ಮುಳುಗಿದ ಕಾಯಿಲಿಗೆ ತಿರುಗಿಸುತ್ತಾರೆ. ಬಚ್ಚಲ ನೀರು ಪುಕ್ಕಟೆ ಬಿಸಿಯಾಗುತ್ತದೆ, ಅಷ್ಟು ಸೌದೆ ಉಳಿಯಿತು. ಫೆಬ್ರವರಿಯ ಹೊತ್ತಿಗೆ ಹರಿವು ಇಳಿದು ಚಕ್ರ ನಿಲ್ಲುತ್ತದೆ. ಅಷ್ಟರಲ್ಲಿ ಬಿಸಿಲೂ ಬಂದಿರುತ್ತದೆ, ಲೈನೂ ನೆಟ್ಟಗಿರುತ್ತದೆ, ನೀರು ಅಳಿದುಳಿದಿದ್ದರೆ ಅದೇ ಪೈಪನ್ನು ಅಡಿಕೆ ತೋಟದ ಸ್ಪ್ರಿಂಕ್ಲರಿಗೆ ಜೋಡಿಸಿಕೊಳ್ಳಬಹುದು.