ಮುಗ್ಗಲು ವಾಸನೆಯ ಮೂಲ ಚೀಲದಲ್ಲಿದೆ

ಮಳೆಗಾಲದ ಕರಾವಳಿ, ಮಲೆನಾಡಿನ ಮನೆಗಳಲ್ಲಿ ವ್ಯಾಕ್ಯೂಮ್ ಕ್ಲೀನರಿನ ಸ್ವಿಚ್ ಒತ್ತಿದ ಕೂಡಲೇ ಕೋಣೆಯಲ್ಲೆಲ್ಲ ಮುಗ್ಗಲು ವಾಸನೆ ಹರಡುವುದುಂಟು. ಆಗ ಅನೇಕರು ಯಂತ್ರವನ್ನೇ ದೂರುತ್ತಾರೆ. ನಿಜಕ್ಕೂ ಕೆಟ್ಟಿರುವುದು ಅದರೊಳಗೆ ವಾರಗಟ್ಟಲೆ ಉಳಿದ ಕಸ.

ಮನೆಯ ದೂಳೆಂದರೆ ಬರೀ ಮಣ್ಣಲ್ಲ. ಉದುರಿದ ಚರ್ಮದ ಹೊಟ್ಟು, ಕೂದಲು, ಬಟ್ಟೆಯ ನೂಲೆಳೆ, ತಿಂಡಿಯ ಚೂರು ಎಲ್ಲವೂ ಅದರಲ್ಲಿವೆ. ತೇವ ತಗುಲಿದರೆ ಬ್ಯಾಕ್ಟೀರಿಯಾ, ಬೂಷ್ಟುಗಳಿಗೆ ಇದೇ ಹಬ್ಬದೂಟ. ಅನೇಕ ಯಂತ್ರಗಳಲ್ಲಿ ಹೀರಿದ ಗಾಳಿಯೇ ಮೋಟಾರನ್ನು ತಣಿಸಿ ಹೊರಬೀಳುವುದರಿಂದ ವಾಸನೆ ಬೆಚ್ಚಗಾಗಿ ಇನ್ನಷ್ಟು ಮೂಗಿಗೆ ಬಡಿಯುತ್ತದೆ.

ಇದಕ್ಕೆ ಅತ್ತರು ಸಿಂಪಡಿಸಿದರೆ ವಾಸನೆ ಅಡಗೀತು, ಬೂಷ್ಟು ಹಾಗೇ ಉಳಿಯುತ್ತದೆ. ಅಡುಗೆ ಸೋಡಾ ಹೀರಿಸುವುದಂತೂ ಬೇಡ. ಆ ನುಣುಪು ಪುಡಿ ಫಿಲ್ಟರಿನ ರಂಧ್ರಗಳನ್ನು ಕಟ್ಟುತ್ತದೆ. ರಂಗೋಲಿ ಪುಡಿ, ವಿಭೂತಿ, ಗೋಡೆ ಕೊರೆದಾಗ ಉದುರುವ ಸಿಮೆಂಟು ಮಾಡುವುದೂ ಅದನ್ನೇ. ಊದುಬತ್ತಿಯ ಬೂದಿಯಲ್ಲಿ ಕಿಡಿ ಉಳಿದಿದ್ದರೆ ಚೀಲಕ್ಕೇ ಬೆಂಕಿ ಹತ್ತಬಹುದು.

ಫಿಲ್ಟರನ್ನು ಕಡೆಗಣಿಸುವವರು ಈ ಯಂತ್ರದ ಹುಟ್ಟನ್ನೊಮ್ಮೆ ನೆನೆಯಬೇಕು. ಅಮೆರಿಕದ ಓಹಿಯೋ ರಾಜ್ಯದ ಕ್ಯಾಂಟನ್ ಊರಿನ ಮಳಿಗೆಯೊಂದರಲ್ಲಿ ಕಸ ಗುಡಿಸುತ್ತಿದ್ದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್‌ಗೆ ಆಸ್ತಮಾ ಇತ್ತು. ಗುಡಿಸುವಾಗ ಏಳುವ ದೂಳಿನ ಕಾಟ ತಾಳಲಾರದೆ 1907ರಲ್ಲಿ ಅವರು ಫ್ಯಾನಿನ ಮೋಟಾರು, ಪೊರಕೆಯ ಹಿಡಿ, ದಿಂಬಿನ ಚೀಲ ಜೋಡಿಸಿ ಕೈಯಲ್ಲಿ ನಡೆಸಬಹುದಾದ ವಿದ್ಯುತ್ ಯಂತ್ರ ಕಟ್ಟಿದರು. ಮರುವರ್ಷ ಪೇಟೆಂಟ್ ದೊರೆಯಿತು, ಹೂವರ್ ಕುಟುಂಬ ಅದನ್ನು ಕೊಂಡಿತು. ಉಸಿರಾಟದ ತೊಂದರೆಯಿಂದ ಹುಟ್ಟಿದ ಯಂತ್ರವೇ ದೂಳು ಕಾರಿದರೆ ಹೇಗೆ? ಇಂದಿನ ಹೆಪಾ ಫಿಲ್ಟರ್ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ 99.97ರಷ್ಟನ್ನು ತಡೆಯಬಲ್ಲದು, ಆದರೆ ಅದು ಹರಿದಿರಬಾರದು, ಸರಿಯಾಗಿ ಕೂತಿರಬೇಕು.

ಚೀಲ ಅಥವಾ ಡಬ್ಬ ಮುಕ್ಕಾಲು ತುಂಬುವ ಮೊದಲೇ ಖಾಲಿ ಮಾಡಿದರೆ ಅರ್ಧ ಕೆಲಸ ಮುಗಿದಂತೆ. ಪ್ಲಗ್ ಕಿತ್ತು, ಡಬ್ಬವನ್ನು ಸೋಪಿನ ನೀರಿನಲ್ಲಿ ತೊಳೆಯಬಹುದು. ಫಿಲ್ಟರನ್ನು ತೊಳೆಯಬಹುದೆಂದು ಕೈಪಿಡಿ ಹೇಳಿದ್ದರೆ ಮಾತ್ರ ನೀರು ತಾಗಿಸಬೇಕು. ತೊಳೆದದ್ದು ನೆರಳಿನಲ್ಲಿ ಒಂದು ಹಗಲು, ಒಂದು ರಾತ್ರಿಯಾದರೂ ಒಣಗಬೇಕು. ಜಡಿಮಳೆಯಲ್ಲಿ ಇನ್ನೂ ಹೆಚ್ಚು. ಹಸಿ ಫಿಲ್ಟರ್ ಹಾಕಿ ಓಡಿಸಿದರೆ ತೊಳೆದದ್ದೇ ತಪ್ಪೆನಿಸುತ್ತದೆ. ಚೆಲ್ಲಿದ ನೀರು, ಸಾರು ಹೀರಲು ಒದ್ದೆ ಕಸಕ್ಕೆಂದೇ ಮಾಡಿದ ಯಂತ್ರ ಬೇಕು. ಬೇರೆಯವುಗಳಲ್ಲಿ ಶಾಕ್ ಹೊಡೆಯುವ ಅಪಾಯವಿದೆ.

ಸುಟ್ಟ ರಬ್ಬರಿನ ವಾಸನೆ ಬೇರೆಯದೇ ರೋಗ. ಬ್ರಷ್ ಉರುಳೆಗೆ ಕೂದಲು ಸುತ್ತಿಕೊಂಡು ಬೆಲ್ಟ್ ಜಾರುತ್ತಿರಬಹುದು. ಕೂಡಲೇ ಯಂತ್ರ ನಿಲ್ಲಿಸಿ, ಪ್ಲಗ್ ಕಿತ್ತು, ಕತ್ತರಿಯಿಂದ ಕೂದಲನ್ನು ಕತ್ತರಿಸಿ ತೆಗೆದು, ಬೆಲ್ಟ್ ಸಡಿಲಾಗಿದ್ದರೆ ಬದಲಿಸಬೇಕು. ಆಮೇಲೂ ವಾಸನೆ ಬಂದರೆ ಮೆಕ್ಯಾನಿಕ್ ಮೋಟಾರನ್ನು ನೋಡಲೇಬೇಕು.