ಉಮಿಯ ಬೆಂಕಿ, ಕುಚ್ಚಲಕ್ಕಿಯ ಹಬೆ

ಒಂದೇ ಸ್ಥಾವರದಲ್ಲಿ ಕಾಸಿದ ನೀರನ್ನು ಭೂಗತವಾದ ಕೊಳವೆಗಳಲ್ಲಿ ಮನೆಮನೆಗೂ ಹರಿಯಿಸಿ, ತಣಿದುದನ್ನು ಮರಳಿ ಒಲೆಗೇ ತರುವ ವ್ಯವಸ್ಥೆಯು ಶೀತದೇಶಗಳಲ್ಲುಂಟು; ಕೋಪನ್‌ಹೇಗನ್ ನಗರದ ಬಹುಪಾಲು ಮನೆಗಳು ಬೆಚ್ಚಗಿರುವುದು ಅದರಿಂದಲೇ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಸೆಕೆಯಲ್ಲಿ ಮನೆಯನ್ನು ಬೆಚ್ಚಗಿಡುವ ಚಿಂತೆ ಯಾರಿಗೂ ಇಲ್ಲವಾದರೂ, ಒಂದು ಬೆಂಕಿಯ ತಾಪವನ್ನು ಕೊಳವೆಗಳಲ್ಲಿ ಹಲವು ಕಾರ್ಯಗಳಿಗೆ ಹಂಚುವ ವಿದ್ಯೆ ಈ ಸೀಮೆಯ ಕುಚ್ಚಲಕ್ಕಿಯ ಮಿಲ್ಲುಗಳಿಗೆ ಹೊಸತಲ್ಲ.

ಭತ್ತವನ್ನು ಬಿಸಿನೀರಿನಲ್ಲಿ ನೆನೆಹಾಕಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ, ಅನಂತರ ಉಮಿ ಕಳೆಯುವುದು ಕ್ರಮ. ಹಿಂದೆ ಅಂಗಳದ ಒಲೆ, ಹಂಡೆ, ಬಿಸಿಲುಗಳು ನಡೆಸುತ್ತಿದ್ದ ಕೆಲಸವನ್ನು ಈಗ ಬಾಯ್ಲರು ವಹಿಸಿಕೊಂಡಿದೆ. ಆಷಾಢದ ಮಳೆಯಲ್ಲಿ ಧಾನ್ಯವನ್ನು ಒಣಗಿಸುವ ಗಾಳಿಯೂ ಅದರ ಹಬೆಯಿಂದಲೇ ಕಾಯಬೇಕು. ಇಂಧನವೆಂದರೆ ಭತ್ತದ ತೂಕದಲ್ಲಿ ಸುಮಾರು ಐದನೆಯ ಒಂದು ಪಾಲಾಗಿರುವ ಉಮಿ. ಮಿಲ್ಲಿನಲ್ಲಿಯೇ ದೊರೆಯುವುದಾದ್ದರಿಂದ ಅದನ್ನು ಪುಕ್ಕಟೆಯೆಂದು ಬಗೆಯುವುದು ಸಹಜ. ಅಪವ್ಯಯದ ಮೂಲವೂ ಆ ಭಾವನೆಯೇ ಎಂದು ನನಗೆ ತೋರುತ್ತದೆ.

30 ಡಿಗ್ರಿಯ ಒಂದು ಕಿಲೋ ನೀರನ್ನು ಕುದಿಯುವ ಹಂತಕ್ಕೆ ಏರಿಸಲು 70 ಕಿಲೋಕ್ಯಾಲರಿ ಸಾಕು. ಕುದಿದ ನೀರನ್ನು ಹಬೆಯಾಗಿಸಲು ಇನ್ನೂ 540 ಬೇಕು. ಭತ್ತದೊಳಕ್ಕೆ ನೇರವಾಗಿ ಊದಿದ ಹಬೆ ಮರಳದು, ನಿಜ. ಆದರೆ ಒಣಗಿಸುವ ಯಂತ್ರದ ಕೊಳವೆಯೊಳಗೆ 540ನ್ನು ಕೊಟ್ಟು ನೀರಾದ ಹಬೆಯು ಶುದ್ಧವಾಗಿಯೂ ಸುಡುಬಿಸಿಯಾಗಿಯೂ ಉಳಿದಿರುತ್ತದೆ. ಅದನ್ನು ಚರಂಡಿಗೆ ಬಿಡುವುದೆಂದರೆ ಉಳಿದ 70ನ್ನೂ ಚೆಲ್ಲಿದಂತೆಯೇ ಸರಿ. ಬಾಯ್ಲರಿಗೆ ಊಡುವ ನೀರು 6 ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ ಇಂಧನದಲ್ಲಿ ಸುಮಾರು ಶೇಕಡಾ 1ರಷ್ಟು ಉಳಿಯುವುದೆಂಬುದು ಶಕ್ತಿ ಲೆಕ್ಕಿಗರ ರೂಢಿಯ ಲೆಕ್ಕ.

ಇದಕ್ಕಿಂತಲೂ ವಿಚಾರಾರ್ಹವಾದುದು ಇನ್ನೊಂದು. ಪಾಶ್ಚಾತ್ಯ ನಗರಗಳಲ್ಲಿ ಶಾಖವನ್ನು ಹಂಚುವ ಕೊಳವೆಜಾಲಗಳು 19ನೆಯ ಶತಮಾನದ ಕೊನೆಯಲ್ಲಿ ಹಬೆಯನ್ನೇ ಸಾಗಿಸುತ್ತಿದ್ದವು. ಬರಬರುತ್ತ ಬಿಸಿನೀರಿಗೆ ಇಳಿದು, ಹೊಸ ಜಾಲಗಳು ಈಗ 60 ಡಿಗ್ರಿಯ ಆಸುಪಾಸಿನ ನೀರಿನಲ್ಲಿಯೇ ಕಾರ್ಯ ಸಾಧಿಸುತ್ತಿವೆ. ತಾಪ ಇಳಿದಷ್ಟೂ ಹಾದಿಯ ನಷ್ಟ ತಗ್ಗುವುದಲ್ಲದೆ, ಬೇರೆ ಕಡೆ ವ್ಯರ್ಥವಾಗುವ ಮಂದಶಾಖಕ್ಕೂ ಉಪಯೋಗ ದೊರೆಯುತ್ತದೆ. ಭತ್ತ ನೆನೆಯುವುದಕ್ಕೂ 70 ಡಿಗ್ರಿ ಸಾಕಾದಕಾರಣ, ಅಷ್ಟಕ್ಕೆ ಹಬೆಯನ್ನು ವ್ಯಯಿಸದೆ, ಹೊಗೆಗೂಡಿನಲ್ಲಿ ಹೋಗುವ ಶಾಖದಿಂದಲೇ ಆ ನೀರನ್ನು ಕಾಸಿಕೊಳ್ಳಬಹುದು.

ಸಣ್ಣ ಮಿಲ್ಲಿನವರು ಮೊದಲು ಮಾಡಬೇಕಾದುದು ಬೆತ್ತಲೆ ಕೊಳವೆಗಳಿಗೆ ಶಾಖರೋಧಕ ಹೊದಿಕೆ ಸುತ್ತಿಸುವುದು. ಇದರಿಂದ ಉಮಿ ಉಳಿಯುವುದು, ಜೊತೆಗೆ ವೈಶಾಖದ ಧಗೆಯಲ್ಲಿ ಅವುಗಳ ಪಕ್ಕದಲ್ಲಿಯೇ ದುಡಿಯುವ ಆಳುಗಳ ಮೈಸುಡುವುದೂ ತಪ್ಪುವುದು.